ಮೌಲಮ್ಮ ಚುಟ್ಟ ನೋಡಿದ್ದು

ಅದಿರಿಗೆ ಬಂಗಾರದ ರೇಟು ಬಂದ ವರ್ಷ
ತೋರಣಗಲ್ಲು ದಾರಿಯ ವೇಬ್ರಿಡ್ಜಿನಲ್ಲಿ
ನಾನು ರಾತ್ರಿ ಪಾಳಿಯ ಗುಮಾಸ್ತ.
ಲಾರಿ ಏರುವುದು, ಅಂಕಿ ನಡುಗುವುದು, ಚೀಟಿ ಹರಿಯುವುದು.
ಒಂದು ರಾತ್ರಿ ಸಾಹುಕಾರರ ಪೈಕಿ ಯಾರೋ
ಕಾರಿನ ಗಾಜಿಳಿಸಿ, ಕಂಡದ್ದನ್ನು ಕಾಣದ ಹಾಗೆ ಬರೆದದ್ದಕ್ಕೆ
ನೋಟಿನ ಜೊತೆ ಇದನ್ನೂ ಕೊಟ್ಟ:
ಗಾಜಿನ ಕೊಳವೆಯೊಳಗೆ ಒಂದು ಸಿಗಾರು,
ಸೊಂಟಕ್ಕೆ ಜರತಾರಿ ಕಾಗದದ ಪಟ್ಟಿ.

ನೋಟು ಆ ತಿಂಗಳೇ ಖರ್ಚಾಯಿತು.
ಸಿಗಾರು ಉಳಿಯಿತು, ಟ್ರಂಕಿನಲ್ಲಿ,
ಮದುವೆ ಕೋಟಿನ ಮಡಿಕೆಯೊಳಗೆ, ನುಸಿಗುಳಿಗೆಯ ಪಕ್ಕ,
ಹದಿನಾಲ್ಕು ಬೇಸಿಗೆ.
ಬಳ್ಳಾರಿಯ ಬೇಸಿಗೆ ಲೆಕ್ಕಕ್ಕೆ ಒಂದಕ್ಕೆರಡು.

ಸೇದಲು ಗೊತ್ತಿಲ್ಲ, ಎಸೆಯಲು ಮನಸ್ಸಿಲ್ಲ.
ಕೌಲ್ ಬಜಾರಿನ ಗಲ್ಲಿಯಲ್ಲಿ
ಜೀನ್ಸು ಹೊಲಿಯುವ ಮಿಷನ್ನುಗಳ ನಡುವೆ
ಇನ್ನೂ ಚುಟ್ಟ ಸುತ್ತುವವಳು ಒಬ್ಬಳೇ, ಮೌಲಮ್ಮ.
ಅವಳ ಹತ್ತಿರ ಒಯ್ದೆ.

ಮೊದಲು ನೋಡಲಿಲ್ಲ. ಕಿವಿಗೆ ಹಿಡಿದಳು.
ಹೆಬ್ಬೆಟ್ಟಿನಲ್ಲಿ ಒಂದು ಸುತ್ತು ಉರುಳಿಸಿ ಕೇಳಿದಳು.
"ಕರಕರ ಅಂತೈತೆ. ಒಣಗಿಸಿ ಕೊಂದೀಯಲ್ಲೋ."
ಆಮೇಲೆ ಮೂಗು. ಆಮೇಲೆ ನಾಲಿಗೆಯ ತುದಿ.
"ನಮ್ಮ ಪೊಗಾಕು ಅಲ್ಲ ಇದು.
ಮೇಲಿನ ವಾಸನೆ ನಿನ್ನ ಗುಳಿಗೇದು. ಕೆಳಗಿಂದು ಎಲೇದು."

ಕುಡಿಕೆಯ ತಳಕ್ಕೆ ಒದ್ದೆ ಗೋಣಿ,
ಅದರ ಮೇಲೆ ಬಾಳೆಪಟ್ಟೆ, ಅದರ ಮೇಲೆ ಇದು.
ಬಾಯಿಗೆ ಬಟ್ಟೆ ಕಟ್ಟಿ ನೀರಿನ ಕೊಡದ ಹಿಂದೆ ಇಟ್ಟಳು.
"ಬಾಣಂತಿ ಇದ್ದಂಗೆ. ಗಾಳಿ ತಾಗಬಾರದು.
ಅಮಾಸಿ ಕಳೀಲಿ, ಬಾ."

ಕಳೆದು ಹೋದೆ.
ಒತ್ತಿದಳು; ಒತ್ತಿಸಿಕೊಂಡು ಮತ್ತೆ ಎದ್ದಿತು.
ಹೊರ ಎಲೆಯ ಮೇಲೆ ನರ ಹುಡುಕಿದಳು, ಸಿಗಲಿಲ್ಲ.
"ನಲವತ್ತು ವರ್ಷ ತೆಗೆದೀನಿ ನಾನು. ಒಂದಾದ್ರೂ ಉಳೀತೈತೆ."
ತಲೆಯ ಪುಟ್ಟ ಕುಲಾವಿಯನ್ನು ಉಗುರಿನಲ್ಲಿ ಎಬ್ಬಿಸಿ
ಅಂಟು ಮೂಸಿದಳು: "ಗಂಜಿ ಅಲ್ಲ. ಯಾವುದೋ ಮರದ್ದು."

ಕಡ್ಡಿ ಗೀರಿ, ಗಂಧಕದ ಉರಿ ಕಳೆಯುವವರೆಗೆ ಕಾದು,
ಬೆಂಕಿ ಮುಟ್ಟಿಸದೆ ಬೆಂಕಿ ತೋರಿಸಿದಳು.
ಮೊದಲ ಹೊಗೆಯನ್ನು ಬಿಟ್ಟುಕೊಟ್ಟಳು, ಯಾರ ಪಾಲಿಗೋ.
ಎರಡನೆಯದನ್ನು ಕೆನ್ನೆಯಲ್ಲಿ ಇಟ್ಟುಕೊಂಡು
ಕೋಟೆ ಗುಡ್ಡದ ಕಡೆ ನೋಡುತ್ತ ಕೂತಳು.
ಎದುರು ಮನೆಯ ಮಿಷನ್ನು ಒಂದು ಜೇಬು ಮುಗಿಸಿತು.
ಇನ್ನೊಂದು ಜೇಬು.
ನನಗೆ ತಡೆಯಲಿಲ್ಲ, "ಹೆಂಗೈತೆ?"
ಕೈಯೆತ್ತಿ ಸುಮ್ಮನಿರು ಅಂದಳು.

ಬೂದಿ ಬೀಳಲಿಲ್ಲ. ಎರಡು ಬೆರಳುದ್ದ ನಿಂತಿತು,
ಬಿಳಿ, ಪದರ ಪದರ.
ಸಂಡೂರಿನ ಕೆಂಧೂಳು ಉಗುಳಿ ಉಗುಳಿ ಬದುಕಿದವನಿಗೆ
ಇಷ್ಟು ಬಿಳಿಯದು ನನ್ನ ಟ್ರಂಕಿನಲ್ಲಿತ್ತೆಂದರೆ ನಂಬಿಕೆಯಾಗಲಿಲ್ಲ.

"ಮೊದಲು ಬೆಲ್ಲ ಕಾಸಿದಂಗೆ," ಅಂದಳು.
"ನಡುವೆ ಮಳೇಲಿ ನೆನೆದ ಹಳೇ ಕಂಬಳಿ.
ಈಗ ಮೆಣಸು. ಗಂಟಲಿಗಲ್ಲ, ಮೂಗಿನ ಹಿಂದಕ್ಕೆ."
ಎಷ್ಟೋ ಹೊತ್ತಿನ ಮೇಲೆ:
"ಇದನ್ನ ಸುತ್ತಿದಾಕೆ ಎಡಚಿ."
ಹೆಂಗಸೇ ಅಂತ ಹೆಂಗೆ?
"ಗಂಡಸರು ತುದಿ ಬಂದಾಗ ಅವಸರ ಮಾಡ್ತಾರೆ."

"ಎಷ್ಟು ಬಾಳೀತು?" ನನ್ನದು ತಕ್ಕಡಿಯ ಬುದ್ಧಿ.
ಅದಕ್ಕೆ ಉತ್ತರವಿಲ್ಲ.
"ಯಾಕೆ ಕೊಟ್ಟ ಅವ ನಿನಗೆ ಇದನ್ನ?"
"ತೂಕ ಮಾಡಿದ್ದಕ್ಕೆ," ಅಂದೆ.
ನನ್ನನ್ನೂ ಒಂದು ಸಲ, ಎಲೆ ನೋಡುವ ಹಾಗೆ, ನೋಡಿದಳು.

ಮೂರನೇ ಪಾಲು ಉಳಿದಾಗ ನಿಲ್ಲಿಸಿದಳು.
ಕಲ್ಲಿಗೆ ಒರೆಸಲಿಲ್ಲ; ತಾನಾಗಿ ಆರಲು ಬಿಟ್ಟಳು.
ಆಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ
ಮೊರದ ಬೆನ್ನ ಮೇಲೆ ಹರವಿದಳು:
ಒಂದು ಕಪ್ಪು, ಒಂದು ಕಂದು, ಒಂದು ಬೆಳಕು ಹಾಯುವಷ್ಟು ತೆಳು,
ಒಂದರೊಳಗೊಂದು ಮಡಿಸಿದ್ದು.
ಕನ್ನಡಕ ಹುಡುಕಿ ಹಾಕಿಕೊಂಡಳು, ಮೊದಲ ಸಲ.

ತನ್ನ ಎಲೆ ತೆಗೆದು, ಅದೇ ಮಡಿಕೆ ಹಿಡಿದು
ಎಡಗೈಯಲ್ಲಿ ಸುತ್ತಿದಳು.
ಸಡಿಲಾಯಿತು. ಬಿಚ್ಚಿದಳು.
ಸುತ್ತಿದಳು. ನಡುವೆ ಗಂಟು ಬಂತು. ಬಿಚ್ಚಿದಳು.
ಮಿಷನ್ನುಗಳು ಒಂದೊಂದಾಗಿ ನಿಂತವು.
ನಾನು ಹೊರಡಲೆಂದು ಎದ್ದೆ.
"ಲೈಟ್ ಹಾಕೋ," ಅಂದಳು, ತಲೆ ಎತ್ತದೆ.