ಮೂರನೆಯ ತಿರುವು, ಬಲಕ್ಕೆ

ವೇಲ್ಸಿನ ಈ ತುದಿಯಲ್ಲಿ ಗಾಳಿಗೆ ರಜೆಯಿಲ್ಲ.
ಯುದ್ಧಕಾಲದಲ್ಲಿ ವಿಮಾನ ಇಳಿದ ನೆಲದ ಮೇಲೆ
ಈಗ ಡಾಂಬರಿನ ಸುತ್ತು, ಬೇಲಿಯಾಚೆ ಕುರಿ,
ಕುರಿಯಾಚೆ ಸಮುದ್ರ.
ಬೆಳಿಗ್ಗೆ ಎಂಟಕ್ಕೆ ಕಾಗದಕ್ಕೆ ಸಹಿ:
ಸತ್ತರೆ ನನ್ನದೇ ತಪ್ಪು, ಗುದ್ದಿದರೆ ನನ್ನದೇ ಖರ್ಚು.
ಮಣಿಕಟ್ಟಿಗೆ ಹಳದಿ ಪಟ್ಟಿ. ಎರವಲು ಹೆಲ್ಮೆಟ್ಟಿನೊಳಗೆ
ಯಾರದೋ ಶಾಂಪೂ ವಾಸನೆ.

ನಾನು ಇದ್ವಾಲ್. ಅರವತ್ತೊಂದು.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು.
ನಿವೃತ್ತಿಯ ದುಡ್ಡಿನಲ್ಲಿ ಎರಡೇ ಸೀಟಿನ ಕೆಂಪು ಕಾರು ಕೊಂಡಾಗ
ಎಲೆರಿ ಬೈಯಲಿಲ್ಲ.
ಬಾಗಿಲು ತೆರೆದು ಒಳಗೆ ಕೂತಳು, ಏಳಲಾಗದೆ ನಕ್ಕಳು,
ಹಿಡಿದು ಎಬ್ಬಿಸು ಮಾರಾಯ ಎಂದಳು.

ಎಡಗಡೆ ಸೀಟಿನಲ್ಲಿ ಈಗ ನೆರಿಸ್. ಕಲಿಸುವವಳು.
"ಇನ್ನೂರರ ಫಲಕ ಬಂತು. ತುಳಿಯಿರಿ."
ತುಳಿದೆ, ನನ್ನ ರೀತಿಯಲ್ಲಿ,
ಹಿಂದೆ ಯಾರೋ ತೊಡೆಯ ಮೇಲೆ ಮೊಟ್ಟೆಬುಟ್ಟಿ ಇಟ್ಟು ಕೂತ ಹಾಗೆ.
ತಿರುವು ನಮಗಾಗಿ ಕಾಯಲಿಲ್ಲ.
ಟೈರು ಕಿರುಚಿ, ಮೂಗು ಹೊರಕ್ಕೆ, ಹುಲ್ಲು,
ಗುಡುಗುಡು, ಗಾಜಿನ ತುಂಬ ಕೆಸರು.
ಕುರಿಯೊಂದು ತಲೆಯೆತ್ತಿ ನೋಡಿ ಮತ್ತೆ ಮೇಯಿತು.

"ಬಸ್ಸಿನಲ್ಲಿ ಯಾರೂ ಇಲ್ಲ," ಅಂದಳು.
"ಮೊದಲ ಒತ್ತು ಗಟ್ಟಿ, ನೇರ ಹಾದಿಯಲ್ಲೇ.
ಭಾರವೆಲ್ಲ ಮುಂದಿನ ಎರಡು ಗಾಲಿಗೆ ಬೀಳಲಿ,
ಅವು ನೆಲ ಕಚ್ಚುವುದು ಆಗಲೇ.
ಆಮೇಲೆ ಕೈ ತಿರುಗಿದಷ್ಟೂ ಕಾಲು ಸಡಿಲ.
ಒಮ್ಮೆಲೇ ಬಿಟ್ಟಿರೋ, ಭಾರ ಹಿಂದಕ್ಕೆ ಓಡುತ್ತದೆ,
ಮೂಗು ನಿಮ್ಮ ಮಾತು ಕೇಳುವುದಿಲ್ಲ.
ಕಣ್ಣು ಯಾಕೆ ಬಾನೆಟ್ಟಿನ ಮೇಲೆ?
ಒಳ ಅಂಚಿನ ಕಿತ್ತಳೆ ಶಂಕು ನೋಡಿ.
ಅದು ಹತ್ತಿರ ಬರುವ ಮುಂಚೆಯೇ ಅದನ್ನು ಮರೆತು
ಹೊರದಾರಿ ನೋಡಿ."

ಕೇಳಲು ಎಷ್ಟು ಸುಲಭ.
ಮುಂದಿನ ಸುತ್ತು ಗಟ್ಟಿ ತುಳಿದೆ, ತೀರ ಬೇಗ.
ತಿರುವು ಇನ್ನೂ ದೂರವಿರುವಾಗಲೇ ಆಮೆಯಾದೆ,
ಹಿಂದಿನ ನೀಲಿ ಕಾರಿಗೆ ಕೈ ತೋರಿಸಿ ದಾರಿ ಬಿಟ್ಟೆ.
ಅದರ ಮುಂದಿನದು: ನಡುವಿನಲ್ಲಿ ಹೆದರಿ ಕಾಲೆತ್ತಿದೆ,
ಬೆನ್ನು ಮುಂದೆ ಬರಲು ನೋಡಿತು,
ಸಮುದ್ರ ಬಲದಿಂದ ಎಡಕ್ಕೆ ಹರಿಯಿತು.
ನಾಲ್ಕು, ಐದು ನೆನಪಿಲ್ಲ.
ಆರರಲ್ಲಿ

ಫಲಕ. ಒತ್ತು. ಪಟ್ಟಿ ಎದೆಗೆ ಕಚ್ಚಿ
ಕಾರು ಮಂಡಿಯೂರಿತು.
ಆಮೇಲೆ ಬಲಗಾಲು, ನನ್ನನ್ನು ಕೇಳದೆ,
ಹಾಲು ಉಕ್ಕಿ ಬರುವಾಗ ಉರಿ ತಗ್ಗಿಸುವ ಹಾಗೆ
ಬಿಡುತ್ತ, ಬಿಡುತ್ತ,
ಇನ್ನೂ ಒಂಚೂರು ಉಳಿಸಿಕೊಂಡು, ಅದನ್ನೂ ಬಿಟ್ಟು.
ಶಂಕು ಬಲಭುಜದ ಪಕ್ಕ ಸುಳಿದುಹೋಯಿತು.
ರಸ್ತೆ ತೆರೆಯಿತು.

ಅರ್ಧ ಸುತ್ತು ನೆರಿಸ್ ಮಾತಾಡಲಿಲ್ಲ.
"ಚಾಪೆಲ್ ಇಳಿಜಾರಿನ ತಿರುವು," ಅಂದಳು ಆಮೇಲೆ,
"ನಾನು ಎಡಗಡೆ ನಾಲ್ಕನೆಯ ಸೀಟು.
ಅಪ್ಪನ ಕಾರಿನಲ್ಲಿ ದಿನಾ ವಾಂತಿ,
ನಿಮ್ಮ ಬಸ್ಸಿನಲ್ಲಿ ಒಂದು ದಿನವೂ ಇಲ್ಲ.
ನಿಲ್ಲುವ ಮುನ್ನ ಕೊನೇ ಗಳಿಗೆಯಲ್ಲಿ ಕಾಲು ಸಡಿಲಿಸುತ್ತಿದ್ದಿರಿ,
ನಿಂತದ್ದೇ ಗೊತ್ತಾಗುತ್ತಿರಲಿಲ್ಲ.
ಬಿಡುವುದು ನಿಮಗೆ ನಾನೇನು ಕಲಿಸಲಿ?
ಒದೆಯುವುದೊಂದೇ ಬರುತ್ತಿರಲಿಲ್ಲ."

ಹೆಲ್ಮೆಟ್ಟಿನೊಳಗಿನ ಮುಖದಲ್ಲಿ ಹುಡುಕಿದೆ:
ಹಸಿರು ಚೀಲ? ಮುರಿದ ಹಲ್ಲು?
ಅಂಚೆಯವನ ಮಗಳೇ?
"ರಸ್ತೆ ನೋಡಿ," ಅಂದಳು.

ಕೊನೆಯ ಸುತ್ತು ನಿಧಾನ, ಬ್ರೇಕು ಮುಟ್ಟದೆ, ತಣಿಯಲೆಂದು.
ಆದರೂ ಕಾರಿನ ಸುತ್ತ ಕಾದ ಕಬ್ಬಿಣದ, ಸುಟ್ಟ ಕೂದಲಿನ ವಾಸನೆ.
ನಿಲ್ಲಿಸಿ ಅಭ್ಯಾಸದಿಂದ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದರೆ
ಕೈ ಮೇಲೆ ಪಟ್ಟನೆ ಹೊಡೆದಳು.
"ಕಾದದ್ದನ್ನು ಹಿಡಿದಿಡಬೇಡಿ, ಅಂಟಿಕೊಳ್ಳುತ್ತೆ.
ಗೇರಿನಲ್ಲಿ ಬಿಡಿ. ಗಾಲಿಗೆ ಕಲ್ಲು ಕೊಡಿ."

ಬೇಲಿಯ ಬುಡದಲ್ಲಿ ಒಂದು ಸ್ಲೇಟಿನ ಚೂರು ಸಿಕ್ಕಿತು.
ಎಲೆರಿಯ ಫೋನು: ಎಷ್ಟು ಜೋರು ಹೋದೆ?
ಗೊತ್ತಿಲ್ಲ, ಇಲ್ಲಿ ಯಾರೂ ಹೊತ್ತು ಅಳೆಯುವುದಿಲ್ಲ, ಅಂದೆ.
ಮತ್ತೆ ಇಷ್ಟು ದುಡ್ಡು ಯಾತಕ್ಕೆ, ಅಂದಳು.
ಚಹಾದ ಲೋಟ ಬಾನೆಟ್ಟಿನ ಮೇಲಿತ್ತು.
ಮುಂದಿನ ಸರದಿಗೆ ಇಪ್ಪತ್ತು ನಿಮಿಷ.
ಬಲಗಾಲಿನ ಮೀನಖಂಡ ಇನ್ನೂ ನಡುಗುತ್ತಿತ್ತು.