ಸರಾಫ ಕಂಡ ಪ್ಯಾರಿಸ್ಸು

ಹಂಪನಕಟ್ಟೆಯ ಮೂರನೇ ಮಹಡಿ, ಪ್ಲಾಸ್ಟಿಕ್ ಕುರ್ಚಿ,
ಕೆಳಗೆ ಸಿಟಿ ಬಸ್ಸುಗಳ ವಿಸಿಲು.
ಪರದೆಯಲ್ಲಿ ನೂರು ವರ್ಷ ಹಿಂದಿನ ಪ್ಯಾರಿಸ್ಸು, ಮಾತಿಲ್ಲ.
ಕಳ್ಳ ಮಾಡಿನ ಮೇಲೆ ನಡೆಯುತ್ತಿದ್ದಾನೆ. ನಡುರಾತ್ರಿಯಂತೆ.
ರಾತ್ರಿಯೆಂದರೆ ಫಿಲ್ಮನ್ನು ಅದ್ದಿ ತೆಗೆದ ನೀಲಿ, ಅಷ್ಟೆ;
ನೆರಳು ಅವನ ಕಾಲಬುಡದಲ್ಲೇ ಮುದುಡಿದೆ,
ಶುದ್ಧ ಹನ್ನೆರಡು ಗಂಟೆ ಬಿಸಿಲಿನದು.
ಹಿಂದಿನ ಸಾಲಿನ ಹುಡುಗರು ನಕ್ಕರು. ನಾನೂ.

ಫ್ರೆಂಚ್ ಬರಹ ಬಂದಾಗ ಓದಿ ಹೇಳುವುದು
ರಿಟೈರ್ಡ್ ಟೀಚರ್ ಜೆಸಿಂತಾ ಬಾಯಿ.
"ಅವ ಹೇಳುದು... ತಡೀರಿ ರಾಯ್ಕರ್ರೇ, ಕನ್ನಡಕ..."
ಅಷ್ಟರಲ್ಲಿ ಬರಹ ಹೋಯಿತು, ಮುತ್ತು ಕೊಟ್ಟಾಯಿತು.
ಎರಡೂ: ಕೊರಳಿಗೊಂದು ಸರ, ತುಟಿಗೊಂದು.
ಸರ ನಕಲಿ. ತೂಗುವ ರೀತಿಯಲ್ಲೇ ಗೊತ್ತಾಗುತ್ತದೆ,
ಇಪ್ಪತ್ತೆಂಟು ವರ್ಷ ಸೊಸೈಟಿಯಲ್ಲಿ ಸರಾಫ ನಾನು.
ಮುತ್ತನ್ನು ಒರೆಗಲ್ಲಿಗೆ ಹಚ್ಚುವುದಿಲ್ಲ,
ಹಲ್ಲಿಗೆ ತಿಕ್ಕಿ ನೋಡುವುದು; ಅಸಲಿಯಾದರೆ
ಹೊಯಿಗೆಯ ಹಾಗೆ ತರಿತರಿ.
ಇನ್ನೊಂದು ಮುತ್ತಿನ ವಿಷಯ ನಾನು ಹೇಳಲಾರೆ.

ಅವಳು ಕೈಗವಸಿನ ಅಂಗಡಿಯ ಹುಡುಗಿ,
ಕಣ್ಣಿಗೆ ಸ್ತ್ರೀವೇಷದವರಷ್ಟು ಕಾಡಿಗೆ.
ಸರ ಕದ್ದದ್ದೆಂದು ಅವಳಿಗೆ ಗೊತ್ತು.
ಹೇಗೆಂದರೆ, ಕೊಂಡಿಯನ್ನು ಹೆಬ್ಬೆರಳಲ್ಲಿ ಸವರುತ್ತಾಳೆ,
ಒಮ್ಮೆ, ಮತ್ತೊಮ್ಮೆ.
ನಾನು ನಗು ನಿಲ್ಲಿಸಿದ್ದು ಅಲ್ಲಿ.

ಪೊಲೀಸ್ ಕಚೇರಿಯ ಬಾಗಿಲಿಗೆ ಅವಳು ಕೈಯಿಟ್ಟಳು.
ಪರದೆ ಬಿಳಿ. ಎರಡು ಗೀರು, ಒಂದು ಚುಕ್ಕೆ.
ಮತ್ತೆ ನೋಡಿದರೆ ಅವನ ಕೈಗೆ ಕೋಳ,
ಅವಳು ಕಿಟಕಿಯಲ್ಲಿ, ಬರಿಗೊರಳು.
"ಆ ತುಂಡು ಎಲ್ಲಿಯೂ ಇಲ್ಲ ಸರ್, ಕಳೆದುಹೋಗಿದೆ"
ಎಂದ ಪ್ರೊಜೆಕ್ಟರಿನ ಹುಡುಗ.

ಕಂಕನಾಡಿ ಬ್ರಾಂಚು. ಆಟಿ ತಿಂಗಳು, ಮಧ್ಯಾಹ್ನಕ್ಕೇ ಲೈಟು.
ಗಾಜಿನಾಚೆ ಒಬ್ಬ ಸ್ಕೂಟರು ಆಫ್ ಮಾಡದೆ ನಿಂತಿದ್ದ.
ಹುಡುಗಿ ಚೈನು ಇಟ್ಟಳು. ಎರಡೂವರೆ ಪವನು.
ಕೊಂಡಿ ಎಳೆದು ಬಿಚ್ಚಿದ್ದು, ಬಾಯಿ ಅಗಲಿಸಿತ್ತು.
"ಯಾರದ್ದು?"
"ನನ್ನದೇ."
ಕಲ್ಲಿಗೆ ತೀಡಿದೆ, ಆಸಿಡ್ ಬಿಟ್ಟೆ, ಗೆರೆ ಕದಲಲಿಲ್ಲ.
ಅವಳು ನನ್ನನ್ನಲ್ಲ, ಗಾಜನ್ನು ನೋಡುತ್ತಿದ್ದಳು,
ಮಳೆ ಬಿಡುವುದನ್ನು ಕಾಯುವವರ ಹಾಗೆ.
ಫೋನು ನನ್ನ ಬಲಗೈ ಹತ್ತಿರವೇ ಇತ್ತು.



ಸಂಜೆ ಬಂಗುಡೆ ಕೊಂಡು ಮನೆಗೆ ಹೋದೆ.

ಮೆಟ್ಟಿಲಲ್ಲಿ ಜೆಸಿಂತಾ ಬಾಯಿ ಮೊಣಕಾಲು ಹಿಡಿದು ಇಳಿಯುತ್ತಾ,
"ಅವಳೇ ಹೇಳಿದ್ದಾ ಪೊಲೀಸಿಗೆ? ನಿಮಗೆಂತ ಕಾಣ್ತದೆ?"
ಸ್ಟೇಟ್‌ಬ್ಯಾಂಕಿನಲ್ಲಿ ತಲಪಾಡಿ ತಲಪಾಡಿ ಎಂದು ಕೂಗುತ್ತಿದ್ದರು.
ನನ್ನ ಮನೆ ಕೂಳೂರು. ಹತ್ತಿ ಕೂತೆ.