ಎಣಿಕೆ

ಮಂಗಲಪೇಟೆಯಿಂದ ಹೊರಟವರು ಮೂವತ್ತೊಂದು ಜನ.
ಸಲೋಮಿ ಚಿಕ್ಕಮ್ಮನ ಪಾಸ್‌ಪೋರ್ಟು ಬಂದದ್ದು
ಆಕೆಗೆ ಮಣ್ಣು ಕೊಟ್ಟ ಮರುದಿನ.
"ಹುಟ್ಟಿದ ತಾರೀಖು?" ಎಂದ ಪೊಲೀಸನಿಗೆ
"ದವಾಖಾನಿ ಬಾವಿ ತೋಡಿದ ವರ್ಷ, ಬರ್ಕೋರಿ" ಎಂದಿದ್ದಳು.

ಬೇತ್ಲೆಹೇಮಿನಲ್ಲಿ ಬಸ್ಸು ಹತ್ತುವಾಗ
ಗೈಡು ತಲೆ ಎಣಿಸಿದ: ಮೂವತ್ತೊಂದು.
ಹಿಂದಿನ ಸೀಟಿನಿಂದ ಎಸ್ತೇರಮ್ಮ:
"ಇನ್ನೊಬ್ಬಾಕಿ ಅದಾಳ."
ಅವನು ಮತ್ತೆ ಎಣಿಸಿದ. ನಾವು ನಗಲಿಲ್ಲ.

ಯೊರ್ದನ್ ಹೊಳೆ ನಮ್ಮ ಮಾಂಜ್ರಾಕ್ಕಿಂತ ಸಣ್ಣದು,
ಬರೇ ರಾಡಿ.
ದೇವಪುತ್ರಪ್ಪ ಮೊಣಕಾಲುಮಟ ಇಳಿದು
ಕಿಸೆಯಿಂದ ಆಕೆಯ ಚಾಳೀಸು ತೆಗೆದ,
ಒಂದು ಕಡ್ಡಿಗೆ ದಾರ ಸುತ್ತಿದ್ದು.
ಮುಳುಗಿಸಿದ. ಒರೆಸಲಿಲ್ಲ.

ಈಗದು ಬೀದರಿನಲ್ಲಿ, ಚರ್ಚಿನ ದೊಡ್ಡ ಬೈಬಲಿನ ಮೇಲೆ.
ಗಾಜಿನ ಅಂಚಿಗೆ ಒಣಗಿದ ಕೆಸರು.
ಒರೆಸಿರೆಂದು ಹೊಸ ಪಾದ್ರಿ ಹೇಳಿ ನೋಡಿದರು.
ಅವರು ಆ ಬಸ್ಸಿನಲ್ಲಿ ಇರಲಿಲ್ಲ.